ಅಶ್ವಯಾತ್ರೆ ಮತ್ತು ಶೇಖಾವಾಟಿಯ ಚಿತ್ರಿತ ಹವೇಲಿಗಳು

ದೇಶ ಸುತ್ತುವುದನ್ನೂ ಕೋಶ ಓದುವುದನ್ನೂ ನಮ್ಮ ಹಿರಿಯರು ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು. ಹೇಗೆ ಸುತ್ತಬೇಕೆಂಬುದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಅವರಿಗಿರಲಿಲ್ಲ. ಕಾಲ್ನಡಿಗೆ, ಚಕ್ಕಡಿ, ಕುದುರೆ ಇವುಗಳ ಹೊರತು ಬೇರೆ ಸಾಧನವಿಲ್ಲದ ಕಾಲದಲ್ಲಿ, ದೇಶ ಸುತ್ತಿದವನು ದೇಶವನ್ನು ನೋಡದೆ ಉಳಿಯುವುದೇ ಅಸಾಧ್ಯವಾಗಿತ್ತು. ಇಂದಿನ ಸ್ಥಿತಿ ಬೇರೆ. ನಮ್ಮ ಶಾಲೆಗಳ ಶೈಕ್ಷಣಿಕ ಪ್ರವಾಸವೆಂದರೆ ಮೂರು ದಿನಗಳಲ್ಲಿ ಹನ್ನೆರಡು ಸ್ಥಳಗಳು. ರಾತ್ರಿ ಬಸ್ಸಿನಲ್ಲಿ ನಿದ್ದೆ, ಹಗಲು ಮಾರ್ಗದರ್ಶಿಯ ಹಿಂದೆ ಓಟ. ಬಾದಾಮಿಯ ಗುಹೆಗಳಿಗೆ ಮುಕ್ಕಾಲು ಗಂಟೆ, ಊಟಕ್ಕೆ ಒಂದು ಗಂಟೆ. ಮರಳಿ ಬಂದ ವಿದ್ಯಾರ್ಥಿಯ ಪ್ರಬಂಧದಲ್ಲಿ ಊಟದ ವರ್ಣನೆಯೇ ದೀರ್ಘವಾಗಿದ್ದರೆ ತಪ್ಪು ಆತನದಲ್ಲ.

ಈ ಅವಸರಕ್ಕೆ ಬೇಸತ್ತವರು ಪ್ರಪಂಚದ ಅನೇಕ ಭಾಗಗಳಲ್ಲಿ ಹಳೆಯ ವಾಹನಗಳಿಗೆ ಮರಳುತ್ತಿದ್ದಾರೆ. ಕುದುರೆಯ ಮೇಲೆ ವಾರವೊಂದನ್ನು ಕಳೆದು, ಒಂದು ಸೀಮೆಯ ಕೋಟೆ ಕೊತ್ತಲ, ಗುಡಿ ಗುಂಡಾರ, ಹಾಡು ಹಸೆಗಳನ್ನು ಹತ್ತಿರದಿಂದ ಅರಿಯುವ ಅಶ್ವಯಾತ್ರೆ ಅಂಥದೊಂದು ಪ್ರಕಾರ. ಶ್ರೀಮಂತರ ವಿಲಾಸವೆಂದು ಇದನ್ನು ತಳ್ಳಿಹಾಕುವುದು ಸುಲಭ. ಅದರಲ್ಲಿ ವಿಲಾಸದ ಅಂಶವಿರುವುದೂ ಸುಳ್ಳಲ್ಲ. ಆದರೆ ನಮ್ಮ ದೇಶದಲ್ಲಿಯೇ ಇಂಥ ಯಾತ್ರೆ ಬೇರೂರಿದ ಒಂದು ಸೀಮೆಯನ್ನು, ಎಂದರೆ ರಾಜಸ್ಥಾನದ ಶೇಖಾವಾಟಿಯನ್ನು, ಎದುರಿಗಿಟ್ಟುಕೊಂಡು ಪರಿಶೀಲಿಸಿದರೆ ವಿಷಯ ಅಷ್ಟು ಸರಳವಲ್ಲವೆಂಬುದು ತಿಳಿಯುತ್ತದೆ. ಅಲ್ಲಿ ಒಡೆಯರನ್ನು ಕಳೆದುಕೊಂಡ ಎರಡು ಪರಂಪರೆಗಳಿವೆ. ಒಂದು, ಕುದುರೆಯ ತಳಿ. ಇನ್ನೊಂದು, ಗೋಡೆಯ ಚಿತ್ರ. ಮೊದಲನೆಯದಕ್ಕೆ ಈ ಯಾತ್ರೆಯಿಂದ ಮತ್ತೆ ಕೆಲಸ ದೊರಕಿತು. ಎರಡನೆಯದಕ್ಕೆ ದೊರಕಿತೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ದೆಹಲಿ, ಜಯಪುರ, ಬಿಕಾನೇರ ಈ ಮೂರು ನಗರಗಳ ನಡುವಿನ ಮರಳು ಸೀಮೆಯೇ ಶೇಖಾವಾಟಿ. ಇಂದಿನ ಝುಂಝುನು, ಸೀಕರ್, ಚೂರು ಜಿಲ್ಲೆಗಳು ಇದರಲ್ಲಿ ಸೇರುತ್ತವೆ. ಆಮೇರಿನ ಕಛವಾಹ ವಂಶದ ಕವಲೊಂದರಲ್ಲಿ ಹುಟ್ಟಿದ ರಾವ್ ಶೇಖಾನಿಂದ (1433–1488) ಈ ಹೆಸರು ಬಂದಿತು. ಆದರೆ ಸೀಮೆಯ ಬಹುಭಾಗ ಅವನ ವಂಶಜರಿಗೆ ದಕ್ಕಿದ್ದು ಬಹಳ ಕಾಲದ ಅನಂತರ: ಕಾಯಮಖಾನಿ ನವಾಬರಿಂದ ಶಾರ್ದೂಲಸಿಂಹನು 1730ರಲ್ಲಿ ಝುಂಝುನುವನ್ನೂ, ಮರುವರ್ಷ ಸೀಕರಿನ ಶಿವಸಿಂಹನು ಫತೇಪುರವನ್ನೂ ಪಡೆದರು. ಶಾರ್ದೂಲಸಿಂಹನ ಐವರು ಪುತ್ರರು ಪಾಲು ಹಂಚಿಕೊಂಡು ಊರೂರಿಗೆ ಕೋಟೆ ಕಟ್ಟಿದರು. ನವಲಸಿಂಹನು 1737ರಲ್ಲಿ ಕಟ್ಟಿಸಿದ ನವಲಗಢ, ಅದರ ಸಮೀಪದ ಡೂಂಡ್ಲೋದ್, ಮಂಡಾವಾ ಇವೆಲ್ಲ ಆ ಪೀಳಿಗೆಯ ನಿರ್ಮಾಣಗಳೇ. ಒಂದು ಕೋಟೆಯಿಂದ ಇನ್ನೊಂದಕ್ಕೆ ಕುದುರೆಯ ಮೇಲೆ ಒಂದು ಹಗಲಿನೊಳಗೆ ತಲುಪಬಹುದಾದಷ್ಟು ದೂರ. ಇಂದಿನ ಅಶ್ವಯಾತ್ರೆಗೆ ಈ ಸೀಮೆ ಒಗ್ಗಿಬಂದುದಕ್ಕೆ ಇದು ಮೊದಲ ಕಾರಣ. ಸೀಮೆಯೇ ಕುದುರೆಯ ಅಳತೆಯಿಂದ ಹಂಚಿಹೋದದ್ದು.

ಭೂಮಿಯ ಲಕ್ಷಣವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಬರಿಯ ಮರಳುಗಾಡಲ್ಲ, ಮಳೆಗಾಲದಲ್ಲಿ ಸಜ್ಜೆ, ಚಳಿಗಾಲದಲ್ಲಿ ಸಾಸಿವೆ, ಕಡಲೆ, ಗೋದಿ. ಹೊಲಗಳ ನಡುನಡುವೆ ನಿಂತ ಖೇಜಡಿ ಮರ ನಮಗೆ ಅಪರಿಚಿತವಲ್ಲ. ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯೇ ಅದು. ಅಲ್ಲಿಯವರು ಅದರ ಎಲೆಯನ್ನು ದನಕರುಗಳಿಗೆ ಮೇವಾಗಿ, ಕಾಯನ್ನು ತಮಗೆ ಪಲ್ಯವಾಗಿ ಬಳಸುತ್ತಾರೆ. ನೀರು ಮಾತ್ರ ಆಳದಲ್ಲಿದೆ. ಆದುದರಿಂದ ಬಾವಿ ಕಟ್ಟುವುದು ಅಲ್ಲಿ ವಾಸ್ತುವಿದ್ಯೆಯ ಒಂದು ಅಂಗವಾಗಿಯೇ ಬೆಳೆಯಿತು. ಎತ್ತರದ ಜಗತಿ, ನಾಲ್ಕು ಮೂಲೆಗೆ ನಾಲ್ಕು ಮಿನಾರು, ಎತ್ತು ಒಂಟೆಗಳು ಹಗ್ಗ ಎಳೆಯುತ್ತ ಇಳಿಯಲು ಇಳಿಜಾರು. ಮರಳು ದಿಬ್ಬಗಳ ನಡುವೆ ದಾರಿ ತಪ್ಪಿದ ಪಥಿಕನಿಗೆ ದೂರದಿಂದಲೇ ನೀರಿನ ಸುಳಿವು ಸಿಗಲೆಂದು ಆ ಮಿನಾರುಗಳು. ಕಾರಿನಲ್ಲಿ ಹೋಗುವವನಿಗೆ ಅವು ಅಲಂಕಾರವಾಗಿ ತೋರುತ್ತವೆ; ಮೂರು ಗಂಟೆ ಬಿಸಿಲಿನಲ್ಲಿ ಸವಾರಿ ಮಾಡಿದವನಿಗೆ, ಅದರಲ್ಲಿಯೂ ಕುದುರೆಗೆ ನೀರು ಕುಡಿಸಬೇಕಾದವನಿಗೆ, ಅವುಗಳ ಅರ್ಥ ಬೇರೆಯಾಗಿರುತ್ತದೆ.

ಇಂಥ ಬಡ ಭೂಮಿಯಲ್ಲಿ ಭಾರತದ ಅತ್ಯಂತ ಶ್ರೀಮಂತ ವರ್ತಕ ಮನೆತನಗಳು ಹುಟ್ಟಿದ್ದು ಹೇಗೆ? ಗುಜರಾತಿನ ಬಂದರುಗಳಿಗೂ ಉತ್ತರದ ನಗರಗಳಿಗೂ ನಡುವಣ ಒಂಟೆಗಳ ಸಾಲು ಈ ಸೀಮೆಯನ್ನು ಹಾಯ್ದು ಹೋಗುತ್ತಿತ್ತು. ಠಾಕೂರರು ಸುಂಕ ಪಡೆದರು, ವರ್ತಕರು ಲಾಭ ಪಡೆದರು. ಸುಂಕ ಹೆಚ್ಚಾದಾಗ ವರ್ತಕರು ಊರನ್ನೇ ಬಿಟ್ಟದ್ದೂ ಉಂಟು. ಉಣ್ಣೆಯ ಮೇಲಿನ ಸುಂಕವನ್ನು ಚೂರುವಿನ ಠಾಕೂರನು ಏರಿಸಿದನೆಂದು ಪೋದ್ದಾರ್ ಮನೆತನದವರು 1791ರಲ್ಲಿ ಹೊರಟು, ಸೀಕರಿನ ಆಶ್ರಯದಲ್ಲಿ ರಾಮಗಢವೆಂಬ ಹೊಸ ಊರನ್ನೇ ಕಟ್ಟಿದರು. ಅದು ಇಂದಿಗೂ ಸೇಠರ ರಾಮಗಢವೆಂದೇ ಪ್ರಸಿದ್ಧವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಬಂದರುಗಳೂ ಅವುಗಳ ಬೆನ್ನಿಗೆ ರೈಲುಮಾರ್ಗಗಳೂ ಬಂದಾಗ ಒಂಟೆಯ ದಾರಿ ಬರಿದಾಯಿತು. ವರ್ತಕರ ಮಕ್ಕಳು ಕಲಕತ್ತೆ ಮುಂಬಯಿಗಳಿಗೆ ಹೊರಟರು. ಅಫೀಮು, ಹತ್ತಿ, ಸೆಣಬುಗಳಲ್ಲಿ ಅವರು ಗಳಿಸಿದ ಹಣ ಹುಟ್ಟೂರಿಗೆ ಹವೇಲಿಯಾಗಿ ಮರಳಿತು. (ನಮ್ಮ ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ನಾವು ಮಾರವಾಡಿಗಳೆಂದು ಕರೆಯುವ ವ್ಯಾಪಾರಿಗಳಲ್ಲಿ ಬಹುಪಾಲು ಜನ ಪಾಲಿ, ಜಾಲೋರ್ ಮುಂತಾದ ಪಶ್ಚಿಮದ ಜಿಲ್ಲೆಗಳವರು, ಕಲಕತ್ತೆಯ ಮಾರವಾಡಿಗಳಾದರೋ ಹೆಚ್ಚಾಗಿ ಈ ಶೇಖಾವಾಟಿಯವರು.)

ಹವೇಲಿಗಳ ಉಚ್ಛ್ರಾಯ ಕಾಲವನ್ನು ಸ್ಥೂಲವಾಗಿ 1830ರಿಂದ 1930ರವರೆಗೆ ಎನ್ನಬಹುದು. ಎತ್ತರದ ಹೆಬ್ಬಾಗಿಲು, ಅದರಲ್ಲಿಯೇ ಜನ ನುಸುಳುವ ದಿಡ್ಡಿ, ಒಳಗೆ ಗಂಡಸರ ಅಂಗಳ, ಅದರ ಪಕ್ಕದ ಬೈಠಕ್ಕಿನಲ್ಲಿ ಬಿಳಿಯ ಗಾದಿಯ ಮೇಲೆ ಸೇಠನ ವ್ಯವಹಾರ, ಇನ್ನೂ ಒಳಗೆ ಹೆಂಗಸರ ಅಂಗಳ, ಮಗ್ಗುಲಿಗೆ ದನ, ಕುದುರೆ, ಮೇವು, ಸೌದೆಗಳಿಗಾಗಿ ನೋಹರಾ ಎಂಬ ಹಿತ್ತಿಲು. ನಮ್ಮ ದೇಸಾಯರ ವಾಡೆಗಳನ್ನು ಕಂಡವರಿಗೆ ಈ ವಿನ್ಯಾಸ ಅಪೂರ್ವವೆನಿಸಲಾರದು. ಅಪೂರ್ವವಾದುದು ಚಿತ್ರಗಳು. ಒಳಗೋಡೆ, ಹೊರಗೋಡೆ, ಕಮಾನಿನ ಕೆಳಗು, ಚಜ್ಜೆಯನ್ನು ಹೊತ್ತ ಬೋದಿಗೆಗಳ ನಡುವಣ ಗೇಣಗಲದ ಎಡೆ, ಇಷ್ಟೂ ಜಾಗದಲ್ಲಿ ಬಿಡುವಿಲ್ಲದಂತೆ ಚಿತ್ರ.

ಇವುಗಳನ್ನು ಬರೆದವರು ಚೇಜಾರಾ ಎಂಬ ಕುಶಲಕರ್ಮಿಗಳು. ಗೋಡೆ ಕಟ್ಟುವವನೂ ಚಿತ್ರ ಬರೆಯುವವನೂ ಅನೇಕ ವೇಳೆ ಒಬ್ಬನೇ ಆಗಿರುತ್ತಿದ್ದುದು ಗಮನಿಸತಕ್ಕ ಸಂಗತಿ. ಒರಟಾದ ಸುಣ್ಣದ ಗಿಲಾವಿನ ಮೇಲೆ ನಯವಾದ ಗಿಲಾವು, ಅದರ ಮೇಲೆ ತೀರ ಸೂಕ್ಷ್ಮವಾಗಿ ಸೋಸಿದ ಸುಣ್ಣದ ಲೇಪ. ಆ ಲೇಪ ಹಸಿಯಾಗಿರುವಾಗಲೇ ರೇಖೆ ಎಳೆದು, ಸುಣ್ಣದ ನೀರಿನಲ್ಲಿ ಕಲಸಿದ ಬಣ್ಣ ತುಂಬಿ, ತಟ್ಟಿ, ನುಣುಪುಗಲ್ಲಿನಿಂದ ತಿಕ್ಕಿ ಹೊಳಪು ಕೊಡಬೇಕು. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವನ್ನು ತನ್ನೊಳಗೆ ಸೆರೆಹಿಡಿಯುತ್ತದೆ. ಆದುದರಿಂದಲೇ ನೂರೈವತ್ತು ವರ್ಷಗಳ ಬಿಸಿಲಿಗೆ ಒಡ್ಡಿಕೊಂಡರೂ ಹೊರಗೋಡೆಯ ಆನೆ ಇನ್ನೂ ನಡೆಯುತ್ತಿದೆ. ಒಂದು ದಿನಕ್ಕೆ ಎಷ್ಟು ಬರೆಯಬಲ್ಲರೋ ಅಷ್ಟೇ ಗಿಲಾವು. ಒಣಗಿದ ಮೇಲೆ ತಿದ್ದುಪಡಿಗೆ ಅವಕಾಶವಿಲ್ಲ. ಒಳಕೋಣೆಗಳಲ್ಲಿ ಒಣಗೋಡೆಯ ಮೇಲೆ ಬರೆಯುವ ಪದ್ಧತಿಯೂ ಇತ್ತು. ಅದರಲ್ಲಿ ನಯ ಹೆಚ್ಚು, ಬಾಳಿಕೆ ಕಡಿಮೆ. ಮೊದಲಿನ ಬಣ್ಣಗಳು ಕಾಡಿಗೆಯ ಕಪ್ಪು, ಸುಣ್ಣದ ಬಿಳುಪು, ಕೆಮ್ಮಣ್ಣು, ಹಳದಿ ಮಣ್ಣು, ನೀಲಿಯ ಗಿಡದ ನೀಲಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ರಾಸಾಯನಿಕ ಬಣ್ಣಗಳು ಬಂದವು. ಗಾಢವಾದ ನೀಲಿ ಕೆಂಪುಗಳು ಗೋಡೆಗಳನ್ನು ತುಂಬಿದವು. ಹಳೆಯ ಮಣ್ಣುಬಣ್ಣಗಳ ಗಾಂಭೀರ್ಯ ಅವಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ, ಭಿನ್ನಾಭಿಪ್ರಾಯಕ್ಕೆ ಎಡೆಯಿದೆ.

ಹಳೆಯ ಬಣ್ಣದ ಗಾಂಭೀರ್ಯ ನೋಡಬೇಕಾದರೆ ನವಲಗಢದ ಸಮೀಪದ ಪರಸರಾಮಪುರಕ್ಕೆ ಹೋಗಬೇಕು. ಶಾರ್ದೂಲಸಿಂಹನ ನೆನಪಿಗೆ 1750ರಲ್ಲಿ ನಿರ್ಮಿಸಿದ ಛತ್ರಿಯ ಗುಮ್ಮಟದೊಳಗೆ ರಾಮಾಯಣದ ಯುದ್ಧ, ಐವರು ಪುತ್ರರೊಡನೆ ಕುಳಿತ ಠಾಕೂರ, ಒಂಟೆಯೇರಿ ಪಾರಾಗುವ ಢೋಲಾ ಮಾರು ಪ್ರೇಮಿಗಳು ಇದ್ದಾರೆ. ಬಣ್ಣ ಎರಡು ಮೂರೇ. ಆದರೂ ಗುಮ್ಮಟ ತಿರುಗುತ್ತಿರುವಂತೆ ಭಾಸವಾಗುತ್ತದೆ. ಮುಂದಿನ ಶತಮಾನದ ಹವೇಲಿಗಳಲ್ಲಿ ಇದೇ ಕೃಷ್ಣ, ಇದೇ ರಾಮರ ಪಕ್ಕದಲ್ಲಿ ರೈಲುಗಾಡಿ, ಟೋಪಿ ಧರಿಸಿದ ದೊರೆ, ಗ್ರಾಮೋಫೋನು, ಮೋಟಾರು ಕಾರುಗಳು ಬಂದು ನಿಂತವು. ಮಂಡಾವಾದ ಬನ್ಸೀಧರ ನೇವಟಿಯಾ ಹವೇಲಿಯ ಗೋಡೆಯ ಮೇಲೆ ರೈಟ್ ಸಹೋದರರ ವಿಮಾನವೂ ಟೆಲಿಫೋನು ಹಿಡಿದ ಹುಡುಗನೂ ಇದ್ದಾರೆ. ಸೇಠನು ಕಲಕತ್ತೆಯಲ್ಲಿ ಕಂಡುದನ್ನೋ ಕೇಳಿದುದನ್ನೋ ಊರಿನ ಚೇಜಾರಾ ಕಾಣದೆಯೇ ಬರೆಯಬೇಕಾಗಿತ್ತು. ಹಾಗಾಗಿ ಕೆಲವು ರೈಲುಗಾಡಿಗಳು ಸಾಲುಮನೆಗಳಂತೆ ಕಾಣುತ್ತವೆ. ಇದನ್ನು ನೋಡಿ ನಗುವವರುಂಟು. ಹಳ್ಳಿಯ ಮೇಸ್ತ್ರಿಯೊಬ್ಬ ಒಂದು ಯುಗದ ಬದಲಾವಣೆಯನ್ನು ತನ್ನ ಕೈಲಾದ ಮಟ್ಟಿಗೆ ಗೋಡೆಗೆ ದಾಖಲಿಸಿದ ಪರಿ ಇದು ಎಂದು ತಿಳಿದರೆ ನಗೆ ತಾನಾಗಿ ಅಡಗುತ್ತದೆ.

ಸೇಠರ ಹಣವೆಲ್ಲ ಗೋಡೆಗೇ ಹೋಯಿತೆಂದು ಭಾವಿಸಬೇಕಾಗಿಲ್ಲ. ವಿಕ್ರಮ ಸಂವತ್ಸರ 1956ರ, ಎಂದರೆ ಕ್ರಿ.ಶ. 1899–1900ರ ಭೀಕರ ಬರ ಇಂದಿಗೂ ಅಲ್ಲಿ 'ಛಪ್ಪನಿಯಾ' ಎಂದು ಜನರ ಬಾಯಲ್ಲಿದೆ. ಆಗ ಚೂರುವಿನ ಭಗವಾನದಾಸ ಬಾಗ್ಲಾ ಎಂಬ ಸೇಠರ ವಿಧವೆ, ಹಸಿದವರಿಗೆ ಕೂಲಿ ದೊರೆಯಲೆಂದು ಊರ ಹೊರಗೆ ಕೆರೆಯೊಂದನ್ನು ಕಟ್ಟಿಸಿದರು. ಸೇಠಾನಿಯ ಜೋಹಡಾ ಎಂಬ ಆ ಕೆರೆಯ ಮೆಟ್ಟಿಲುಗಳು, ಮಂಟಪಗಳು ಇನ್ನೂ ನಿಂತಿವೆ. ಪಿಲಾನಿಯಲ್ಲಿ ಸೇಠ ಶಿವನಾರಾಯಣ ಬಿರ್ಲಾ ಅವರು 1901ರಲ್ಲಿ ಆರಂಭಿಸಿದ ಸಣ್ಣ ಪಾಠಶಾಲೆಯು ಪ್ರೌಢಶಾಲೆ, ಕಾಲೇಜುಗಳಾಗಿ ಬೆಳೆದು 1964ರಲ್ಲಿ ಬಿರ್ಲಾ ತಾಂತ್ರಿಕ ಮತ್ತು ವಿಜ್ಞಾನ ಸಂಸ್ಥೆಯಾಯಿತು. ಇನ್ನೊಂದು ನಿದರ್ಶನ ಖೇತಡಿಯ ರಾಜ ಅಜಿತಸಿಂಹನದು. 1893ರಲ್ಲಿ ಸ್ವಾಮಿ ವಿವೇಕಾನಂದರ ಅಮೆರಿಕಾ ಪ್ರಯಾಣಕ್ಕೆ ಈತನ ನೆರವು ದೊರೆಯಿತು. ಅದರ ಹಿಂದಿನ ವರ್ಷವೇ ಸ್ವಾಮೀಜಿ ಬೆಳಗಾವಿ, ಬೆಂಗಳೂರು, ಮೈಸೂರುಗಳನ್ನು ಸಂಚರಿಸಿ ಮೈಸೂರಿನ ಚಾಮರಾಜೇಂದ್ರ ಒಡೆಯರನ್ನು ಕಂಡಿದ್ದರೆಂಬುದು ನಮಗೆ ತಿಳಿದ ವಿಷಯವೇ.

ಇನ್ನು ಕುದುರೆ. ಈ ಸೀಮೆಯ ಮಾರವಾಡಿ ಕುದುರೆಯನ್ನು ಗುರುತಿಸಲು ಪಾಂಡಿತ್ಯ ಬೇಕಾಗಿಲ್ಲ. ಕಿವಿ ನೋಡಿದರೆ ಸಾಕು. ಎರಡೂ ಕಿವಿಗಳು ಒಳಮುಖವಾಗಿ ಬಾಗಿ, ನಿಗುರಿದಾಗ ತುದಿಗೆ ತುದಿ ತಾಗಿ ಕಮಾನು ಕಟ್ಟುತ್ತವೆ. ಗುಜರಾತಿನ ಕಾಠಿಯಾವಾಡಿ ಕುದುರೆಯನ್ನು ಬಿಟ್ಟರೆ ಪ್ರಪಂಚದ ಬೇರಾವ ತಳಿಗೂ ಈ ಲಕ್ಷಣವಿಲ್ಲ. ಭುಜದ ಬಳಿ ಸುಮಾರು 150 ಸೆಂಟಿಮೀಟರ್ ಎತ್ತರ, ನೀಳವಾದ ಕಾಲು, ತೆಳುವಾದ ಚರ್ಮ, ಗಟ್ಟಿಯಾದ ಗೊರಸು, ಬಿಸಿಲು ಬಾಯಾರಿಕೆಗಳನ್ನು ತಾಳುವ ಶಕ್ತಿ. ನಡಿಗೆ, ಕುಕ್ಕುಲೋಟ, ನಾಗಾಲೋಟಗಳಲ್ಲದೆ ರೇವಾಲ್ ಎಂಬ ಸಹಜವಾದ ಇನ್ನೊಂದು ಗತಿಯೂ ಇದಕ್ಕುಂಟು. ಅದರಲ್ಲಿ ಸವಾರನಿಗೆ ಕುಲುಕಾಟ ಕಡಿಮೆ. ದಿನವಿಡೀ ಜೀನಿನ ಮೇಲಿರಬೇಕಾದವನಿಗೆ ಇದರ ಬೆಲೆ ಗೊತ್ತು.

ಶಾಲಿಹೋತ್ರನ ಕಾಲದಿಂದಲೂ ಅಶ್ವಲಕ್ಷಣವೆಂಬುದು ನಮ್ಮ ದೇಶದಲ್ಲಿ ಒಂದು ಶಾಸ್ತ್ರ. ಕನ್ನಡದಲ್ಲಿಯೂ ಸಾಹಣಿ, ರಾವುತ, ಲಾಯ, ಕಡಿವಾಣ ಮುಂತಾದ ಶಬ್ದಗಳು ಆ ವಿದ್ಯೆಯ ಪಳೆಯುಳಿಕೆಗಳಾಗಿ ಉಳಿದಿವೆ. ನಮ್ಮ ರೈತನು ಎತ್ತು ಕೊಳ್ಳುವಾಗ ಸುಳಿ ನೋಡುವಂತೆ ಮಾರವಾಡದವನು ಕುದುರೆಯ ಸುಳಿಯನ್ನು ನೋಡುತ್ತಾನೆ. ಕೊರಳಿನ ಸುಳಿಗೆ ದೇವಮಣಿಯೆಂದು ಹೆಸರು, ಅದು ಶುಭ. ಕಣ್ಣಿನ ಕೆಳಗಿನದು ಕಣ್ಣೀರಿನ ಸುಳಿ, ಅಶುಭ. ನಾಲ್ಕು ಕಾಲು ಮತ್ತು ಮೊಗ ಬೆಳ್ಳಗಿರುವ ಪಂಚಕಲ್ಯಾಣಿಗೆ ಅಲ್ಲಿಯೂ ಅದೇ ಹೆಸರು, ಅದೇ ಗೌರವ. ವೈಜ್ಞಾನಿಕವಾಗಿ ಈ ನಂಬಿಕೆಗಳಿಗೆ ಆಧಾರವಿಲ್ಲದಿರಬಹುದು. ಆದರೆ ಪ್ರತಿಯೊಂದು ಕುದುರೆಯ ಮೈಯನ್ನು ಅಂಗುಲ ಅಂಗುಲವಾಗಿ ಪರೀಕ್ಷಿಸುವ ಅಭ್ಯಾಸವನ್ನು ಅವು ಬೆಳೆಸಿದವೆಂಬುದನ್ನು ಮರೆಯಲಾಗದು.

ಯುದ್ಧದಲ್ಲಿ ಅಶ್ವದಳದ ಕೊನೆಯ ಪ್ರಕಾಶವೆಂದು ಹೇಳಬಹುದಾದ ಘಟನೆಯೊಂದರಲ್ಲಿ ರಾಜಸ್ಥಾನಕ್ಕೂ ನಮ್ಮ ನಾಡಿಗೂ ನಂಟಿದೆ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೈನಿನ ಹೈಫಾ ಪಟ್ಟಣವನ್ನು ಗೆದ್ದವರು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಲ್ಯಾನ್ಸರ್ ದಳದವರು. ಎದುರಿಗೆ ಮೆಷಿನ್‌ಗನ್ನು, ಫಿರಂಗಿ; ಇವರ ಕೈಯಲ್ಲಿ ಈಟಿ, ಕತ್ತಿ. ಜೋಧಪುರ ದಳವನ್ನು ಮುನ್ನಡೆಸಿ ಅಲ್ಲಿ ಮಡಿದ ಮೇಜರ್ ದಲಪತಸಿಂಹನು ರಾವ್ ಶೇಖಾನ ಪೀಳಿಗೆಯ ಶೇಖಾವತ. ಮೈಸೂರು ದಳದವರು ಕಾರ್ಮೆಲ್ ಬೆಟ್ಟವನ್ನೇರಿ ಮೇಲಿನ ಫಿರಂಗಿಗಳನ್ನು ಹಿಡಿದರು. ದೆಹಲಿಯ ತೀನಮೂರ್ತಿ ಸ್ಮಾರಕದಲ್ಲಿ ಜೋಧಪುರ, ಹೈದರಾಬಾದು, ಮೈಸೂರು ದಳಗಳ ಮೂವರು ಯೋಧರು ನಿಂತಿದ್ದಾರೆ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಬೆಂಗಳೂರಿಗೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಅದನ್ನು ನೋಡಿರುವರೋ.

ಸ್ವಾತಂತ್ರ್ಯಾನಂತರ ಈ ಎರಡೂ ಸಂಪತ್ತುಗಳಿಗೆ ಬಂದ ಗತಿ ಒಂದೇ. 1952ರಲ್ಲಿ ರಾಜಸ್ಥಾನದ ಜಾಗೀರುಗಳು ಶಾಸನಬದ್ಧವಾಗಿ ರದ್ದಾದವು. ರೈತನ ದೃಷ್ಟಿಯಿಂದ ಅದು ಆಗಲೇಬೇಕಾದ ಸುಧಾರಣೆ; ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಜಾಗೀರಿನೊಡನೆ ಲಾಯವೂ ಮುಚ್ಚಿತು. ಸೈನ್ಯಕ್ಕೆ ಬೇಡವಾದ, ಒಡೆಯನಿಗೆ ಸಾಕಲಾಗದ ಕುದುರೆಗಳು ಮಾರಾಟವಾದವು, ಹಿಡ ಒಡೆಸಿಕೊಂಡು ಗಾಡಿಗೆ ಬಿದ್ದವು, ಕೆಲವು ಕೊಲ್ಲಲ್ಪಟ್ಟವು. ಬಾಗಿದ ಕಿವಿಯನ್ನು ಕೀಳು ತಳಿಯ ಗುರುತೆಂದು ಬ್ರಿಟಿಷರ ಕಾಲದಲ್ಲಿಯೇ ಹಳಿದಿದ್ದುದರಿಂದ ಅವುಗಳ ಪರವಾಗಿ ಮಾತನಾಡುವವರೂ ವಿರಳವಾಗಿದ್ದರು. ಅತ್ತ ಹವೇಲಿಗಳ ಒಡೆಯರು ನಗರಗಳಲ್ಲಿಯೇ ನೆಲೆಸಿದರು. ಒಂದೊಂದು ಮನೆಗೆ ಹತ್ತಾರು ವಾರಸುದಾರರು; ದುರಸ್ತಿಗೆ ಒಬ್ಬನೂ ಮುಂದಾಗನು, ಮಾರಾಟಕ್ಕೆ ಎಲ್ಲರ ಒಪ್ಪಿಗೆ ದೊರೆಯದು. ಹೊರ ಅಂಗಳದ ಒಂದು ಕೋಣೆಯಲ್ಲಿ ಕಾವಲುಗಾರನ ಸಂಸಾರ. ಮಿಕ್ಕ ಕೋಣೆಗಳಲ್ಲಿ ಪಾರಿವಾಳಗಳು. ಎಷ್ಟೋ ಕಡೆ ಕೆತ್ತನೆಯ ಬಾಗಿಲುಗಳು ಹಳೆಯ ವಸ್ತುಗಳ ವ್ಯಾಪಾರಿಗಳ ಪಾಲಾದವು. ಚಿತ್ರಗಳ ಮೇಲೆ ಸುಣ್ಣ, ಸುಣ್ಣದ ಮೇಲೆ ಚುನಾವಣೆಯ ಭಿತ್ತಿಪತ್ರ.

ಈ ಹಿನ್ನೆಲೆಯಲ್ಲಿ ಅಶ್ವಯಾತ್ರೆಯ ಪಾತ್ರವನ್ನು ಅಳೆಯಬೇಕು. ಡೂಂಡ್ಲೋದಿನ ಠಾಕೂರ ಮನೆತನದ ರಘುವೇಂದ್ರಸಿಂಹರು ಕೋಟೆಯ ಲಾಯದಲ್ಲಿ ಮಾರವಾಡಿ ಕುದುರೆಗಳನ್ನು ಸಾಕಿ ಬೆಳೆಸಿ, ಅವುಗಳ ಮೇಲೆ ಅತಿಥಿಗಳನ್ನು ಹಳ್ಳಿಯಿಂದ ಹಳ್ಳಿಗೆ ಕರೆದೊಯ್ಯುವ ಕ್ರಮವನ್ನು ಬೆಳೆಸಿದರು. ಅವರೂ ಫ್ರಾನ್ಸೆಸ್ಕಾ ಕೆಲ್ಲಿ ಎಂಬ ವಿದೇಶೀಯ ಅಶ್ವಾಭಿಮಾನಿಯೂ ಮುಂದಾಗಿ 1999ರಲ್ಲಿ ದೇಶೀಯ ಅಶ್ವಗಳ ರಕ್ಷಣೆಗೆಂದು ಸಂಘವೊಂದು ರೂಪುಗೊಂಡಿತು. 2009ರಲ್ಲಿ ತಳಿಯ ನೋಂದಣಿ ಆರಂಭವಾಯಿತು. ಸರಕಾರದ ಪ್ರಯತ್ನವೂ ಇಲ್ಲದಿಲ್ಲ. 1985ರಲ್ಲಿ ಹಿಸಾರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರದ ಬಿಕಾನೇರ ಶಾಖೆಯಲ್ಲಿ 2023ರಲ್ಲಿ ಭ್ರೂಣ ವರ್ಗಾವಣೆಯಿಂದ ಮಾರವಾಡಿ ಮರಿಯೊಂದು ಹುಟ್ಟಿದೆ. ಹೀಗಿದ್ದೂ ದೇಶದ ಒಟ್ಟು ಚಿತ್ರ ಆಶಾದಾಯಕವಲ್ಲ. 2012ರ ಜಾನುವಾರು ಗಣತಿಯಲ್ಲಿ ಸುಮಾರು 6.2 ಲಕ್ಷವಿದ್ದ ಕುದುರೆ ಹಾಗೂ ತಟ್ಟುಗಳ ಸಂಖ್ಯೆ 2019ರಲ್ಲಿ 3.4 ಲಕ್ಷಕ್ಕೆ ಇಳಿಯಿತು. ಪ್ರಯೋಗಶಾಲೆ ಮರಿಯನ್ನು ಹುಟ್ಟಿಸಬಲ್ಲದು. ಆ ಮರಿಗೆ ದಿನದ ಕೆಲಸ ಕೊಡಲಾರದು. ಕೆಲಸವಿಲ್ಲದ ಪ್ರಾಣಿಯನ್ನು ಯಾವ ರೈತನೂ ಬಹುಕಾಲ ಸಾಕಲಾರನು. ನಮ್ಮ ಭೀಮಾತೀರದ ಭೀಮಥಡಿ ಕುದುರೆಯನ್ನೇ ನೋಡಿರಿ: ಮರಾಠಾ ಸೈನ್ಯ ಮರೆಯಾದ ಮೇಲೂ ಅದು ಉಳಿದದ್ದು ಕುರಿಗಾರ ಧನಗರರು ವಲಸೆ ಹೋಗುವಾಗ ಗಂಟುಮೂಟೆ ಹೇರಲು ಅದನ್ನು ಬಿಡದೆ ಬಳಸಿದ್ದರಿಂದ. ಸ್ವತಂತ್ರ ತಳಿಯೆಂಬ ಸರಕಾರಿ ಮನ್ನಣೆ ಅದಕ್ಕೆ ದೊರೆತದ್ದು ತೀರ ಇತ್ತೀಚೆಗೆ.

ಯಾತ್ರೆಯ ದಿನಚರಿ ಸರಳವಾದುದು. ಅಕ್ಟೋಬರಿನಿಂದ ಮಾರ್ಚಿಯವರೆಗೆ ಕಾಲ. ಹತ್ತು ಹನ್ನೆರಡು ಸವಾರರ ತಂಡ. ಸವಾರಿ ಬಲ್ಲವರಿಗೆ ಮಾತ್ರ ಪ್ರವೇಶ. ಮೊದಲ ದಿನ ಯಾರಿಗೆ ಯಾವ ಕುದುರೆ ಹೊಂದುವುದೆಂಬ ಪರೀಕ್ಷೆ. ಅಲ್ಲಿಂದ ಮುಂದೆ ದಿನಕ್ಕೆ 25ರಿಂದ 35 ಕಿಲೋಮೀಟರು: ಬೆಳಿಗ್ಗೆ ಮೂರು ನಾಲ್ಕು ಗಂಟೆ, ನಡುಹಗಲು ಖೇಜಡಿಯ ನೆರಳಿನಲ್ಲಿ ವಿಶ್ರಾಂತಿ, ಇಳಿಹೊತ್ತಿಗೆ ಮತ್ತೆ ಎರಡು ಗಂಟೆ. ಡೇರೆ, ಹುಲ್ಲು, ಕಡಲೆ, ನೀರುಗಳನ್ನು ಹೊತ್ತ ಗಾಡಿಗಳು ಮುಂದೆ ಹೋಗಿರುತ್ತವೆ. ಒಂದು ರಾತ್ರಿ ಡೇರೆ, ಒಂದು ರಾತ್ರಿ ಕೋಟೆ. ಸಂಜೆ ಜೀನು ಇಳಿಸಿದ ಮೇಲೆ ಮೊದಲು ಕುದುರೆಯ ಬೆನ್ನು, ಗೊರಸು, ಲಾಳಗಳ ತಪಾಸಣೆ. ಸವಾರನ ಚಹ ಅನಂತರ. ಈ ಕ್ರಮವೊಂದರಲ್ಲಿಯೇ ಕಲಿಯಬೇಕಾದುದು ಬಹಳಷ್ಟಿದೆ.

ಕುದುರೆಯ ಮೇಲೆ ಹೋಗುವುದರಿಂದ ನೋಟಕ್ಕೆ ಏನು ವಿಶೇಷ ಲಾಭ? ವೇಗದ ಮಾತನ್ನು ಎಲ್ಲರೂ ಹೇಳುತ್ತಾರೆ; ಎತ್ತರದ ಮಾತನ್ನು ಹೇಳುವವರು ಕಡಿಮೆ. ಜೀನಿನ ಮೇಲೆ ಕುಳಿತವನ ಕಣ್ಣು ನೆಲದಿಂದ ಸುಮಾರು ಏಳೂವರೆ ಅಡಿ ಎತ್ತರದಲ್ಲಿರುತ್ತದೆ. ಶೇಖಾವಾಟಿಯ ಓಣಿಗಳು, ಹೆಬ್ಬಾಗಿಲುಗಳು, ಗೋಡೆಯ ಚಿತ್ರಗಳು ರೂಪುಗೊಂಡದ್ದು ಒಂಟೆ ಕುದುರೆಗಳ ಮೇಲಿನ ಸವಾರರು ಓಡಾಡುತ್ತಿದ್ದ ಕಾಲದಲ್ಲಿ. ನೆಲದಲ್ಲಿ ನಿಂತವನು ಕತ್ತು ನೋಯುವಂತೆ ಮೇಲೆ ನೋಡಬೇಕಾದ ಚಿತ್ರಪಟ್ಟಿಕೆಗಳು ಸವಾರನಿಗೆ ಎದುರಾಗಿ ಬರುತ್ತವೆ. ಬಾಗಿಲಿನ ಎಡಬಲಗಳಲ್ಲಿ ಬರೆದ ಅಲಂಕೃತ ಕುದುರೆಗಳ ಮುಂದೆ ಅದೇ ಬಾಗಿದ ಕಿವಿಯ ಜೀವಂತ ಕುದುರೆ ನಿಂತಾಗ, ಚೇಜಾರಾ ಎಷ್ಟು ನಿಷ್ಠೆಯಿಂದ ಬರೆದಿದ್ದಾನೆಂಬುದು ಪುಸ್ತಕದ ನೆರವಿಲ್ಲದೆ ತಿಳಿಯುತ್ತದೆ. ಝುಂಝುನುವಿನಲ್ಲಿ ಸುಮಾರು 1770ರಲ್ಲಿ ಭೋಪಾಲಸಿಂಹನು ಕಟ್ಟಿಸಿದ ಖೇತಡಿ ಮಹಲಂತೂ ಕುದುರೆಯಿಲ್ಲದೆ ಅರ್ಥವಾಗದ ಕಟ್ಟಡ. ಅದಕ್ಕೆ ಬಾಗಿಲು ಕಿಟಕಿಗಳಿಲ್ಲ. ಕಂಬ ಕಮಾನುಗಳ ನಡುವೆ ಗಾಳಿ ಹರಿದಾಡುವಂತೆ ರಚಿಸಿದ ಅರಮನೆ. ಅಂತಸ್ತಿನಿಂದ ಅಂತಸ್ತಿಗೆ ಅಗಲವಾದ ಇಳಿಜಾರು ದಾರಿ. ಠಾಕೂರನು ಕುದುರೆಯಿಂದಿಳಿಯದೆಯೇ ಮಾಳಿಗೆಯವರೆಗೆ ಹೋಗಿ ತನ್ನ ಸೀಮೆಯನ್ನು ನೋಡುತ್ತಿದ್ದನಂತೆ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷವನ್ನೂ ಹೇಳಬೇಕು. ಈ ಯಾತ್ರೆಯ ವೆಚ್ಚ ಸಾಮಾನ್ಯ ಗೃಹಸ್ಥನ ಕೈಗೆ ಎಟುಕುವಂಥದಲ್ಲ. ಸವಾರರಲ್ಲಿ ಯುರೋಪಿನವರೇ ಹೆಚ್ಚು. ಕುದುರೆಗಾರ, ಲಾಳಗಾರ, ಮೇವು ಮಾರುವ ರೈತ, ಅಡಿಗೆಯವ, ಡೇರೆಯ ಆಳು ಇವರಿಗೆ ವರ್ಷದ ಆರು ತಿಂಗಳು ಕೂಲಿ ದೊರೆಯುತ್ತದೆ; ಬೇಸಗೆಯಲ್ಲಿ ಕುದುರೆ ಮಾತ್ರ ಊಟ ಬಿಡುವುದಿಲ್ಲ. ಚಿತ್ರಗಳ ವಿಷಯದಲ್ಲಂತೂ ಲಾಭ ಇನ್ನೂ ಅಲ್ಪ. ಕೋಟೆಗಳು ಹೋಟೆಲುಗಳಾಗಿ ಉಳಿದುಕೊಂಡವು. ಊರಿಗೆ ನೂರರಂತೆ ಇರುವ ಹವೇಲಿಗಳೆಲ್ಲ ಹೋಟೆಲುಗಳಾಗಲಾರವು. ಆದ ಕಡೆಯೂ ಹಳೆಯ ಚಿತ್ರದ ಮೇಲೆ ಹೊಸ ಎಣ್ಣೆಬಣ್ಣ ಬಳಿದು 'ಜೀರ್ಣೋದ್ಧಾರ' ಮಾಡುವುದುಂಟು. ಅದಕ್ಕಿಂತ ಪಾರಿವಾಳಗಳೇ ಲೇಸು. ಒಳ್ಳೆಯ ನಿದರ್ಶನಗಳೂ ಇವೆ. ಫತೇಪುರದಲ್ಲಿ 1802ರ ಹವೇಲಿಯೊಂದನ್ನು ಫ್ರೆಂಚ್ ಚಿತ್ರಕಲಾವಿದೆ ನಾದೀನ್ ಲ ಪ್ರಿನ್ಸ್ 1998ರಲ್ಲಿ ಕೊಂಡು, ಹಳೆಯ ವಿಧಾನವನ್ನೇ ಅನುಸರಿಸಿ ವರ್ಷಗಟ್ಟಲೆ ಶ್ರಮಿಸಿ ಉಳಿಸಿದರು. ನವಲಗಢದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳ ಪೋದ್ದಾರ್ ಹವೇಲಿ ಇಂದು ವಸ್ತುಸಂಗ್ರಹಾಲಯವಾಗಿದೆ. ಅದರಲ್ಲಿ ಶಾಲೆಯೂ ನಡೆದಿದೆ. ಮಕ್ಕಳು ಓದಿದ ಕಟ್ಟಡಕ್ಕೆ ಊರಿನವರ ಕಾವಲು ತಾನಾಗಿ ಒದಗುತ್ತದೆಂಬುದು ಶಾಲಾ ಕಟ್ಟಡಗಳಿಗೆ ಕೈನೀಡಿದ ದಾನಿಗಳಿಗೆ ಹೊಸದಾಗಿ ಹೇಳಬೇಕಾದುದಲ್ಲ.

ಅಧ್ಯಾಪಕ ಬಂಧುಗಳು ಈ ಲೇಖನವನ್ನು ಓದಿ ವಿದ್ಯಾರ್ಥಿಗಳನ್ನು ಕುದುರೆಯೇರಿಸಲೆಂಬುದು ನನ್ನ ಸೂಚನೆಯಲ್ಲ. ಒಂದು ಸೀಮೆ, ಏಳು ದಿನ, ದಿನಕ್ಕೆ ಒಂದೇ ಊರು ಎಂಬ ಕ್ರಮವನ್ನಾದರೂ ಎರವಲು ಪಡೆಯಬಹುದು. ಬನಶಂಕರಿ, ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆಗಳ ನಡುವಿನ ದೂರ ಕಾಲ್ನಡಿಗೆಗೆ ಅಸಾಧ್ಯವಾದುದಲ್ಲ. ಚಕ್ಕಡಿ ದೊರೆತರಂತೂ ಹುಡುಗರಿಗೆ ಹಬ್ಬ.

ಶೇಖಾವಾಟಿಗೇ ಹೋಗಬಯಸುವ ಹಳೆಯ ವಿದ್ಯಾರ್ಥಿಗಳಿಗೆ ಕೆಲವು ಮಾತು. ಸಾಸಿವೆ ಹೂಬಿಟ್ಟ ಚಳಿಗಾಲ ಒಳ್ಳೆಯದು. ಕಾರ್ತಿಕದ ಹುಣ್ಣಿಮೆಯ ಸಮಯದಲ್ಲಿ ಹೊರಟರೆ ಪುಷ್ಕರದ ಜಾತ್ರೆಯಲ್ಲಿ ಮಾರಾಟಕ್ಕೆ ಬಂದ ಕುದುರೆ ಒಂಟೆಗಳನ್ನೂ ನೋಡಬಹುದು. ಹಿಂದಿ ಸಾಕು. ಮುಚ್ಚಿದ ಹವೇಲಿಯ ಬಾಗಿಲಲ್ಲಿ ಕಾವಲುಗಾರನನ್ನು ಕೇಳಿಕೊಂಡೇ ಒಳಗೆ ಹೋಗಬೇಕು, ಅವನ ಕೈಗೆ ಒಂದಿಷ್ಟು ಇಡಬೇಕು; ಅನೇಕ ಮನೆಗಳಿಗೆ ಅವನ ಹೊರತು ಬೇರೆ ರಕ್ಷಕರಿಲ್ಲ. ಗೋಡೆಯನ್ನು ಮುಟ್ಟಬಾರದು. ಪರಸರಾಮಪುರದ ಛತ್ರಿಗೆ ಹೋದಾಗ ಅವಸರ ಮಾಡದೆ, ಕಣ್ಣು ಒಳಗಿನ ಮಬ್ಬಿಗೆ ಹೊಂದಿಕೊಳ್ಳುವವರೆಗೆ ಗುಮ್ಮಟದ ಕೆಳಗೆ ಕುಳಿತಿರಬೇಕು. ಮೊದಲು ರಾವಣನ ಸೈನ್ಯ, ಆಮೇಲೆ ಒಂಟೆಯ ಮೇಲಿನ ಢೋಲಾ ಮಾರು ಒಂದೊಂದಾಗಿ ಕಾಣಿಸಿಕೊಳ್ಳುತ್ತಾರೆ.